ಎಲ್ಲ ಸೇರಿ ನಲವತ್ತು ಸಾವಿರ

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯನ್ನು ಇಳಿಸುವುದೆಂದು ತೀರ್ಮಾನವಾದ ವಾರದಲ್ಲೇ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರು ಬಂದರು. ಜಗುಲಿಯಿಂದ ಅಟ್ಟದವರೆಗೆ ಹತ್ತು ನಿಮಿಷ ಸುತ್ತಾಡಿದರು. ಬೀಟೆಯ ಮಂಚ, ತೂಗುಮಂಚ, ಉದ್ದ ಕೈಗಳ ಎರಡು ಆರಾಮಕುರ್ಚಿ, ಕನ್ನಡಿ ಬಾಗಿಲಿನ ಬೀರು, ಮುತ್ತಜ್ಜ ಶ್ಯಾನುಭೋಗರಾಗಿದ್ದಾಗ ನೆಲದ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಪೆಟ್ಟಿಗೆ, ಇಷ್ಟನ್ನೂ ನೋಡಿ, ‘ಎಲ್ಲ ಸೇರಿ ನಲವತ್ತು ಸಾವಿರ, ಲಾರಿ ಬಾಡಿಗೆ ನನ್ನದು’ ಎಂದರು. ದೊಡ್ಡಪ್ಪ ಒಪ್ಪಿಯೂಬಿಟ್ಟಿದ್ದರು. ಹಳೆಯ ಮರ, ಕುಟ್ಟೆ ಹಿಡಿದಿದೆ, ಇಟ್ಟುಕೊಳ್ಳಲು ಜಾಗವಿಲ್ಲ ಎನ್ನುವುದು ಅವರ ಮಾತು. ಒಂದು ತಿಂಗಳು ಸಮಯ ಕೊಡಿ ಎಂದು ನಾನು ಹಟ ಹಿಡಿದೆ. ಆ ತಿಂಗಳಿನಲ್ಲಿ ಕಲಿತದ್ದನ್ನು ಬರೆಯಲೇಬೇಕು ಅನ್ನಿಸಿದೆ, ಏಕೆಂದರೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗ ಇದೇ ನಡೆಯುತ್ತಿದೆ.

ಮಾರುವುದು ತಪ್ಪಲ್ಲ. ನೂರು ಅಡಿಯ ಫ್ಲ್ಯಾಟಿನ ಕೋಣೆಯಲ್ಲಿ ಆ ಮಂಚ ಹಿಡಿಸುವುದಿಲ್ಲ. ಆದರೆ ‘ಎಲ್ಲ ಸೇರಿ’ ಎಂಬ ಮಾತಿಗೆ ಮಾತ್ರ ಯಾರೂ ಒಪ್ಪಬೇಡಿ. ಹಾಗೆ ಬೆಲೆ ಹೇಳುವವರಿಗೆ ಅಲ್ಲಿರುವ ಒಂದೋ ಎರಡೋ ವಸ್ತುವಿನ ಮೇಲೆ ಕಣ್ಣಿರುತ್ತದೆ. ಆ ವಸ್ತುವಿನ ಕಡೆಗೆ ಅವರು ಎರಡನೆಯ ಸಲ ತಿರುಗಿಯೂ ನೋಡುವುದಿಲ್ಲ.

ಮೊದಲು ಮಾಡಿದ್ದು ಅಳತೆ. ಪೇಟೆಯ ಬಡಗಿಯೊಬ್ಬರ ಸಹಾಯದಿಂದ ಮಂಚದ ಕಾಲು, ಪಟ್ಟಿ, ಹಲಗೆಗಳನ್ನೆಲ್ಲ ಟೇಪು ಹಿಡಿದು ಅಳೆದು ಕೂಡಿಸಿದರೆ ಸುಮಾರು ಐದೂವರೆ ಘನ ಅಡಿ ಮರ ಬಂತು. ಬೀಟೆಯೋ ತೇಗವೋ ಎಂಬುದಕ್ಕೆ ತೂಕವೇ ಒಳ್ಳೆಯ ಸಾಕ್ಷಿ. ಒಣಗಿದ ಬೀಟೆ ಘನ ಅಡಿಗೆ ಸುಮಾರು 24 ಕಿಲೋ ತೂಗುತ್ತದೆ, ತೇಗ 18ರ ಆಸುಪಾಸು. ಕೆಳಭಾಗದಲ್ಲಿ ಕಾಣದ ಕಡೆ ಸ್ವಲ್ಪ ಕೆರೆದರೆ ಬೀಟೆಯ ನೇರಳೆ ಕಪ್ಪು ಗೆರೆ ಹೊರಬರುತ್ತದೆ. ಸಾಮಿಲ್ಲಿನಲ್ಲಿ ಹಳೆಯ ಮರದ ದರ ಕೇಳಿ ಗುಣಿಸಿದೆ. ಕೆತ್ತನೆ, ವಯಸ್ಸು ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ, ಬರೀ ಮರದ ಬೆಲೆಯೆಂದರೂ, ಆ ಮಂಚ ಒಂದೇ ಇಪ್ಪತ್ತು ಸಾವಿರ ದಾಟಿತು. ಇದಕ್ಕಿಂತ ಕೆಳಗಿನ ಬೆಲೆಯನ್ನು ಕಿವಿಗೂ ಹಾಕಿಕೊಳ್ಳಬಾರದು. ಹಾಗೆಂದು ಇದನ್ನೇ ವಸ್ತುವಿನ ಬೆಲೆ ಎಂದುಕೊಂಡರೆ ಅದೂ ಮೋಸವೇ.

ವಸ್ತುವಿನ ಬೆಲೆ ತಿಳಿಯಬೇಕಾದರೆ ಅದನ್ನು ತಲೆಕೆಳಗು ಮಾಡಿ ನೋಡಬೇಕು. ಮುಂಭಾಗವನ್ನು ಎಷ್ಟು ಸಲವಾದರೂ ಪಾಲಿಷ್ ಮಾಡಬಹುದು, ತಳ ಮತ್ತು ಬೆನ್ನನ್ನು ಯಾರೂ ಮುಟ್ಟಿರುವುದಿಲ್ಲ. ಕೈಗರಗಸದ ಗುರುತು ನೇರವಾಗಿ, ಒಂದಕ್ಕೊಂದು ಸಮವಿಲ್ಲದೆ ಇರುತ್ತದೆ. ಮಿಲ್ಲಿನ ವೃತ್ತಾಕಾರದ ಗರಗಸ ಬಿಲ್ಲಿನಂತೆ ಬಾಗಿದ ಗೆರೆ ಬಿಡುತ್ತದೆ. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂರಿಸಿದ ಜೋಡಣೆ ಕೈಯದಾದರೆ ಒಂದು ಹಲ್ಲು ಅಗಲ, ಇನ್ನೊಂದು ಸಣ್ಣದು. ಕೂಡಿಸುವ ಗುರುತಿನ ತಲೆಯ ಸ್ಕ್ರೂ ಇದ್ದರೆ ಅದು 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ಹಾಗಾಗಿ ಒಂದೋ ವಸ್ತು ಅದಕ್ಕಿಂತ ಈಚಿನದು, ಇಲ್ಲವೇ ನಡುವೆ ರಿಪೇರಿಯಾಗಿದೆ.

ನಮ್ಮ ಶ್ಯಾನುಭೋಗಿಕೆಯ ಪೆಟ್ಟಿಗೆಯಲ್ಲಿ ಒಂದೇ ಒಂದು ಕಬ್ಬಿಣದ ಮೊಳೆ ಇರಲಿಲ್ಲ, ಎಲ್ಲ ಮರದ ಬೆಣೆ. ಒಳಗೆ ಮೂರು ಡ್ರಾಯರ್. ನನಗೆ ತಿಳಿವಳಿಕೆ ಬಂದಾಗಿನಿಂದ ಎರಡು ಡ್ರಾಯರ್ ಸಿಕ್ಕಿಕೊಳ್ಳುತ್ತಿದ್ದವು, ವ್ಯಾಪಾರಿ ಕೂಡ ‘ಇದು ಕೆಟ್ಟಿದೆ, ಸುಮ್ಮನೆ ಹಾಕಿಕೊಂಡು ಹೋಗುತ್ತೇನೆ’ ಎಂದಿದ್ದರು. ಪಕ್ಕದೂರಿನ ಎಂಬತ್ತು ದಾಟಿದ ಆಚಾರಿಯೊಬ್ಬರನ್ನು ಕರೆತಂದಿದ್ದೆ. ಅವರು ಮೂರನ್ನೂ ಮೆಲ್ಲಗೆ ಹೊರಗೆಳೆದು ತಿರುಗಿಸಿ ಮಡಿಲಲ್ಲಿ ಇಟ್ಟುಕೊಂಡರು. ಹಿಂಬದಿಯ ಹಲಗೆಯ ಮೇಲೆ ಉಳಿಯ ತುದಿಯಲ್ಲಿ ಕೊರೆದ ೧, ೨, ೩. ಪೆಟ್ಟಿಗೆಯ ಒಳಗೆ ಬೆರಳಾಡಿಸಿ, ‘ಇಲ್ಲೂ ಇದೆ ನೋಡಿ ಅಯ್ಯ’ ಎಂದರು. ನಾನು ಟಾರ್ಚ್ ಹಿಡಿದೆ. ಪ್ರತಿ ಗೂಡಿನ ಅಂಚಿನಲ್ಲೂ ಅದೇ ಅಂಕಿಗಳು. ಕೈಯಲ್ಲಿ ಮಾಡಿದ ಡ್ರಾಯರ್ ಅದರದೇ ಗೂಡಿಗೆ ಮಾತ್ರ ಕೂರುತ್ತದೆ, ಯಾರೋ ಯಾವಾಗಲೋ ೨ನ್ನೂ ೩ನ್ನೂ ಅದಲು ಬದಲು ಮಾಡಿದ್ದರು. ಆಚಾರಿ ಸರಿಯಾಗಿ ಇಟ್ಟು ಒಂದು ಬೆರಳಿನಿಂದ ತಳ್ಳಿದರು. ಸದ್ದೇ ಇಲ್ಲದೆ ಒಳಗೆ ಹೋಯಿತು.

ಅದೇ ಪೆಟ್ಟಿಗೆಯ ತಳದಲ್ಲಿ ಮುತ್ತಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಅದರಲ್ಲಿ ‘ರಕ್ತಾಕ್ಷಿ ಸಂವತ್ಸರ, ಮಂಚದ ಬಾಬ್ತು ಆಚಾರಿಗೆ’ ಎಂದು ಒಂದು ಸಾಲು. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 1984ರಲ್ಲಿ ಮುತ್ತಜ್ಜ ಇರಲಿಲ್ಲ, 1864ರಲ್ಲಿ ಹುಟ್ಟಿರಲಿಲ್ಲ, ಆದ್ದರಿಂದ ಅದು 1924–25. ಈ ಒಂದು ಸಾಲು ಮಂಚಕ್ಕೆ ಜಾತಕವಿದ್ದಂತೆ. ಯಾರ ಮನೆಯದು, ಯಾವಾಗ ಮಾಡಿದ್ದು ಎಂಬುದಕ್ಕೆ ಕಾಗದವಿದ್ದರೆ ಕೊಳ್ಳುವವರ ಧೋರಣೆಯೇ ಬೇರೆಯಾಗುತ್ತದೆ. ನಿಮ್ಮ ಮನೆಯ ಹಳೆಯ ಕಡತ, ಮದುವೆಯ ಫೋಟೋಗಳಲ್ಲಿ ಕುರ್ಚಿ ಮೇಜುಗಳನ್ನು ಹುಡುಕಿ. ರದ್ದಿಗೆ ಹಾಕುವ ಮೊದಲು ಹುಡುಕಿ.

ಇನ್ನೊಂದು ಮಾತು, ಕೈಮುಗಿದು ಕೇಳಿಕೊಳ್ಳುತ್ತೇನೆ. ಬೆಲೆ ಕಟ್ಟಿಸುವ ಮೊದಲು ಪಾಲಿಷ್ ಮಾಡಿಸಬೇಡಿ. ನಮ್ಮ ಎರಡು ಆರಾಮಕುರ್ಚಿಗಳಲ್ಲಿ ಒಂದನ್ನು ಚಿಕ್ಕಪ್ಪ ಪ್ರೀತಿಯಿಂದಲೇ ಉಜ್ಜಿಸಿ, ಹೊಳೆಯುವ ವಾರ್ನಿಷ್ ಹೊಡೆಸಿ, ಬೆತ್ತದ ಹೆಣಿಗೆ ತೆಗೆಸಿ ಪ್ಲಾಸ್ಟಿಕ್ ಪಟ್ಟಿ ಹಾಕಿಸಿದ್ದರು. ಒಂದೇ ಕೈ ಮಾಡಿದ ಜೋಡಿ ಕುರ್ಚಿ. ನೋಡಿದ ಮೂವರೂ ಮುಟ್ಟದೆ ಬಿಟ್ಟ ಕುರ್ಚಿಗೆ ದುಪ್ಪಟ್ಟು ಹೇಳಿದರು. ಎಷ್ಟೋ ಜನರ ಅಂಗೈ ಸವರಿ ಬಂದ ಆ ಕಂದು ಮಿರುಗನ್ನು ಯಾವ ಡಬ್ಬಿಯಿಂದಲೂ ತರಲಾಗುವುದಿಲ್ಲ. ಕುಟ್ಟೆಗೆ ಔಷಧಿ ಹಾಕಿ, ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟು ಸಾಕು.

ಕಣ್ಣು ಪಳಗಬೇಕೆಂದರೆ ಮಣಿಪಾಲದ ಹೆರಿಟೇಜ್ ವಿಲೇಜ್‌ಗೆ ಹೋಗಿ ಬನ್ನಿ. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈಯವರು, ಕೆಡವಲು ಹೊರಟಿದ್ದ ಮನೆಗಳನ್ನೇ ಬಿಚ್ಚಿ ತಂದು ಅಲ್ಲಿ ಮರುಜೋಡಿಸಿದರು. ಅರ್ಧ ದಿನ ಸುತ್ತಿದರೆ ನಮ್ಮ ಅಟ್ಟದಲ್ಲಿರುವುದು ಏನೆಂದು ಅರ್ಥವಾಗುತ್ತದೆ.

ಕಾನೂನೂ ಬೆಲೆಯ ಭಾಗವೇ. ಅಮೆರಿಕದಲ್ಲಿರುವ ನನ್ನ ತಮ್ಮ ಮಂಚವನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತೇನೆ ಎಂದಿದ್ದ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲಕಲೆಯ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ, ನಮ್ಮ ಮಂಚ ಆಗಷ್ಟೇ ನೂರು ದಾಟಿತ್ತು. ಸಾಲದ್ದಕ್ಕೆ 2017ರಿಂದ ಬೀಟೆ ಮರದ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿದೆ. ಮೈಸೂರಿನ ಕುಸುರಿ ಪೆಟ್ಟಿಗೆಯಲ್ಲಿ ಬಿಳಿಯ ಚಿತ್ತಾರ ದಂತದ್ದಾಗಿದ್ದರೆ ಅದನ್ನು ದೇಶದೊಳಗೂ ಮಾರುವಂತಿಲ್ಲ. ವಿದೇಶದ ಬೆಲೆ ತೋರಿಸಿ ಆಸೆ ಹುಟ್ಟಿಸುವವರ ಮಾತನ್ನು ನಂಬಬೇಡಿ.

ಕೊನೆಗೆ ಮೂರು ಕಡೆಯಿಂದ ಬೆಲೆ ತರಿಸಿದೆವು. ಒಬ್ಬರು ಮೈಸೂರಿನ ವ್ಯಾಪಾರಿ, ಒಬ್ಬರು ಹಳೆಯ ಮನೆಯನ್ನು ಹೋಂಸ್ಟೇ ಮಾಡುತ್ತಿರುವವರು, ಮತ್ತೊಬ್ಬರು ಮನೆ ಒಳಾಂಗಣ ಮಾಡಿಕೊಡುವವರು. ಪ್ರತಿ ವಸ್ತುವಿಗೂ ಬೇರೆ ಬೇರೆ ಬೆಲೆ, ಬರವಣಿಗೆಯಲ್ಲಿ. ವ್ಯಾಪಾರಿಯ ಬೆಲೆ ಕಡಿಮೆಯೇ ಇತ್ತು. ಅವರು ಸರಿಪಡಿಸಿ, ತಿಂಗಳುಗಟ್ಟಲೆ ಇಟ್ಟುಕೊಂಡು ಮಾರಬೇಕು, ಅದರಲ್ಲಿ ಅನ್ಯಾಯವಿಲ್ಲ. ನೇರವಾಗಿ ಬಳಸುವವರು ಹೆಚ್ಚು ಕೊಟ್ಟರು. ಮಂಚ, ತೂಗುಮಂಚ, ಬೀರು ಮೂರರಿಂದಲೇ ಒಂದು ಲಕ್ಷದ ಎಪ್ಪತ್ತು ಸಾವಿರ ಬಂತು.

ಆದರೆ ನಾನು ಹಟ ಹಿಡಿದ ಕಾರಣ ಹಣವೊಂದೇ ಅಲ್ಲ. ನಮ್ಮಲ್ಲಿ ಜಮೀನು ಪಾಲಾಗುವಾಗ ಕಾಗದ ಆಗುತ್ತದೆ, ಬಂಗಾರಕ್ಕೆ ತೂಕ ಹಾಕುತ್ತಾರೆ. ಮರದ ಸಾಮಾನು ಮಾತ್ರ ಹತ್ತಿರ ಇದ್ದವರ ಪಾಲು. ಬೆಲೆ ಬರೆಯದ ವಸ್ತುವಿನಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಕ್ಕು ಸದ್ದಿಲ್ಲದೆ ಕರಗಿಹೋಗುತ್ತದೆ. ನಲವತ್ತು ಸಾವಿರವನ್ನು ಎಣಿಸಿಕೊಂಡು ಮುಗಿಸಿದ್ದರೆ ನನ್ನ ಇಬ್ಬರು ಅತ್ತೆಯರಿಗೆ ಒಂದೊಂದು ಸೀರೆ ಹೋಗುತ್ತಿತ್ತು. ಈಗ ಜಗುಲಿಯಲ್ಲಿ ಎಲ್ಲರ ಎದುರು ಪಟ್ಟಿ ಓದಿದೆವು, ಐದು ಪಾಲು ಮಾಡಿದೆವು. ಚಿಕ್ಕತ್ತೆ ತಮ್ಮ ಪಾಲಿನಲ್ಲಿ ಮುರಿದುಕೊಂಡು ಪೆಟ್ಟಿಗೆಯನ್ನು ಕೇಳಿದರು. ಅದರ ಬೆಲೆ ಕೇಳಿ, ‘ಇಷ್ಟಾ ಮಗು? ಇದರ ಮೇಲೆ ನಾನು ಅ ಆ ಇ ಈ ತಿದ್ದಿದ್ದೆ’ ಎಂದರು. ಪಟ್ಟಿಗೆ ಸಹಿ ಹಾಕುವಾಗ ತಮ್ಮ ಹೆಸರನ್ನು ತವರಿನ ಇನಿಷಿಯಲ್‌ನೊಂದಿಗೆ ಬರೆದರು.

ಪೆಟ್ಟಿಗೆ ಕಾರಿನ ಹಿಂದಿನ ಸೀಟಿನಲ್ಲಿ ಹೋಯಿತು. ಡ್ರಾಯರ್‌ಗಳು ದಾರಿಯಲ್ಲಿ ಹೊರಬರದಂತೆ ಅತ್ತೆ ತಾವೇ ಹಳೆಯ ಸೀರೆಯ ಅಂಚು ಸುತ್ತಿ ಕಟ್ಟಿದರು, ಕಟ್ಟುವ ಮೊದಲು ಒಂದೊಂದನ್ನೂ ಹೊರಗೆಳೆದು, ತಿರುಗಿಸಿ, ಅಂಕಿ ನೋಡಿ.