ದೇವರ ಮನೆಗೆ ಸಿಡಿಲು ಬಡಿದಾಗ

ಫ್ರಾನ್ಸಿನ ಲಿಯೋಂಗೆ ಬಂದ ಹೊಸತರಲ್ಲಿ ನನಗೆ ಫ್ರೆಂಚ್ ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಅಡುಗೆಮನೆಯ ಮೇಜಿನ ಮೇಲೆ ಭವಿಷ್ಯ ನೋಡಲೂ ಬಳಸುವ ಮಾರ್ಸೇಯ್ ಟ್ಯಾರೋ ಚಿತ್ರದ ಕಾರ್ಡುಗಳನ್ನು ಹರಡಿ ಒಂದೊಂದರ ಹೆಸರನ್ನೂ ಓದಿಸುತ್ತಿದ್ದರು. ಹದಿನಾರನೇ ಎಲೆ ಬಂದಾಗ ನಿಂತುಬಿಟ್ಟೆ. ಗೋಪುರಕ್ಕೆ ಸಿಡಿಲು ಬಡಿದು ಕಿರೀಟದಂಥ ಅದರ ತುದಿ ಕಳಚಿದೆ, ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಕೆಳಗೆ ‘ಲಾ ಮೆಜೋಂ ದ್ಯೂ’ ಎಂದಿದೆ. ಪದಕ್ಕೆ ಪದ ಇಟ್ಟರೆ ದೇವರ ಮನೆ! ಅಮ್ಮ ಬೆಳಗ್ಗೆ ದೀಪ ಹಚ್ಚುವ ಕೋಣೆಯೇ ಕಣ್ಣಿಗೆ ಕಟ್ಟಿ ಎದೆ ಧಸಕ್ಕೆಂದಿತು.

ಅಜ್ಜಿ ಅದನ್ನೇ ಒಡೆದು ಓದಿದರು: ‘ಲಾಮ್ ಎ ಸೋಂ ದ್ಯೂ’, ಆತ್ಮ ಮತ್ತು ಅದರ ದೇವರು. ಹೀಗೆ ಸದ್ದಿನೊಳಗೆ ಅರ್ಥ ಹುಡುಕುವುದನ್ನು ಇಲ್ಲಿ ‘ಹಕ್ಕಿಗಳ ಭಾಷೆ’ ಎನ್ನುತ್ತಾರೆ. ಪದ ಒಡೆದು ಬೇರೆ ಅರ್ಥ ಹೊರಡಿಸುವ ನಮ್ಮ ಸಭಂಗ ಶ್ಲೇಷೆ ನೆನಪಾಯಿತು. ಆದರೆ ಅಲ್ಲಮನ ಬೆಡಗಿನ ವಚನದಲ್ಲಿ, ಕನಕದಾಸರ ಮುಂಡಿಗೆಯಲ್ಲಿ ಗಂಟು ಹಾಕಿದವರು ಅವರೇ, ಬಿಚ್ಚುವವರು ನಾವು. ಟ್ಯಾರೋ ಹಾಗಲ್ಲ. ಹದಿನೈದನೇ ಶತಮಾನದ ಇಟಲಿಯಲ್ಲಿ ಅದು ಹುಟ್ಟಿದ್ದು ಆಡುವ ಎಲೆಯಾಗಿ. ಫ್ರಾನ್ಸಿನಲ್ಲಿ ಇಂದಿಗೂ ಆಡುತ್ತಾರೆ. ಅದು ಈಜಿಪ್ಟಿನ ಪುರಾತನ ಗ್ರಂಥ ಎಂದು ಫ್ರೆಂಚ್ ವಿದ್ವಾಂಸ ಕೂರ್ ದ ಜೆಬಲ್ಯಾಂ ಸಾರಿದ್ದು 1781ರಲ್ಲಿ. ಗೂಢಾರ್ಥದ ಗಂಟುಗಳು ಬಿದ್ದದ್ದು ಹೆಚ್ಚಾಗಿ ಆಮೇಲೆ, ಓದುವವರ ಕೈಯಿಂದ.

ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಪದದ ಹಳೆಯ ಬಾಳುವೆಯನ್ನು ಮೊದಲು ಕೇಳಬೇಕು. ಹಳೆಯ ಫ್ರೆಂಚಿನಲ್ಲಿ ‘ಮೆಜೋಂ ದ್ಯೂ’ ಎಂದರೆ ಬಡವರ, ರೋಗಿಗಳ ಆಸರೆ, ಆಸ್ಪತ್ರೆ. ನಡುವೆ ಇರಬೇಕಾದ ಷಷ್ಠಿಯ ‘ದ’ ಇಲ್ಲ. ಅರಸನ ಮನೆ ಅರಮನೆಯಾದಾಗ ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಉದುರಿದ ಹಾಗೆ. ಲಿಯೋಂನ ರೋನ್ ನದಿಯ ದಡದಲ್ಲಿ ಇದೇ ಬಗೆಯ ಹೆಸರಿನ ‘ಒತೆಲ್ ದ್ಯೂ’ ಇದೆ. ಶತಮಾನಗಳ ಕಾಲ ಆಸ್ಪತ್ರೆಯಾಗಿದ್ದು 2010ರಲ್ಲಿ ಮುಚ್ಚಿತು, ಈಗ ಅಲ್ಲಿ ಹೋಟೆಲು, ಅಂಗಡಿಗಳು. ಅದರ ಉದ್ದನೆಯ ಗೋಡೆಯ ಪಕ್ಕ ನಡೆಯುವಾಗಲೆಲ್ಲ ಕಾರ್ಡಿನಲ್ಲಿ ಬೀಳುತ್ತಿರುವ ಆ ಇಬ್ಬರು ನನಗೆ ಶಿಕ್ಷೆಗೊಳಗಾದವರಂತಲ್ಲ, ಆರೈಕೆ ಬೇಕಾದವರಂತೆ ಕಾಣುತ್ತಾರೆ. ಸದ್ದು ಒಡೆದು ಸಿಕ್ಕ ಆತ್ಮಕ್ಕಿಂತ ಈ ಅರ್ಥವೇ ನನಗೆ ಹತ್ತಿರ.

‘ಲ ಮಾ’ ಎಂಬ ಹುಚ್ಚನ ಕಾರ್ಡಿನ ಹೆಸರೂ ಹೀಗೇ. ಬೇರು ಇಟಲಿಯ ‘ಮತ್ತೋ’, ಅಂದರೆ ಹುಚ್ಚ. ಫ್ರೆಂಚರ ಕಿವಿಗೆ ಚದುರಂಗದಲ್ಲಿ ರಾಜ ಸೋತಾಗ ಹೇಳುವ ‘ಮಾ’ ಕೂಡ ಕೇಳುತ್ತದೆ.

ನನಗೆ ಎಲ್ಲಕ್ಕಿಂತ ಆಪ್ತವಾದದ್ದು ಹದಿಮೂರನೆಯದು. ಕುಡುಗೋಲು ಬೀಸುವ ಅಸ್ಥಿಪಂಜರ. ಮಾರ್ಸೇಯ್‌ನ ಎಲೆ ತಯಾರಕ ನಿಕೊಲಾ ಕೊನ್ವೆರ್ ಹೆಸರಿನ 1760ರ ಕಾರ್ಡುಗಳಲ್ಲಿ ಅದಕ್ಕೆ ಅಂಕಿಯಷ್ಟೇ ಇದೆ, ಹೆಸರಿಲ್ಲ. ಇದನ್ನು ಬಿಡಿಸಿ ಹೇಳಲು ನಮಗೆ ಯಾರೂ ಬೇಕಿಲ್ಲ. ಸತ್ತರು ಎನ್ನದೆ ‘ತೀರಿಕೊಂಡರು’ ಎನ್ನುವ ಮನೆಯಲ್ಲಿ ಬೆಳೆದವನು ನಾನು. ಹೊರಡುವಾಗಲೂ ‘ಹೋಗ್ತೀನಿ’ ಅಂದರೆ ಅಮ್ಮ ಬಾಗಿಲಲ್ಲೇ ತಡೆದು ತಿದ್ದುತ್ತಿದ್ದರು: ‘ಹೋಗಿ ಬರ್ತೀನಿ ಅನ್ನು.’

ಇದನ್ನು ಅಜ್ಜಿಗೆ ಹೇಳಿದೆ. ಅವರು ಎಲೆಗಳನ್ನು ಒಟ್ಟುಮಾಡಿ ರಬ್ಬರ್ ಬ್ಯಾಂಡ್ ಹಾಕಿದರು. ಆ ಸಂಜೆ ನಾನು ಮೆಟ್ಟಿಲಿಳಿಯುವಾಗ ಮೇಲಿಂದ ತೊದಲುತ್ತಾ ಕೂಗಿದರು: ‘ಹೋಗಿ ಬಾ!’