ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಪಂಪ್ ಶುದ್ಧವಾಗುವುದೇ? ಸತ್ಯಾಂಶ

ಡೀಸೆಲ್‌ಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಎಂಜಿನ್ನಿಗೆ ಇಂಧನ ತಳ್ಳುವ ಪಂಪ್ ಶುದ್ಧವಾಗಿ ಮೈಲೇಜ್ ಹೆಚ್ಚುತ್ತದೆ ಎಂಬ ಸಂದೇಶವು ಮಂಡ್ಯದ ಬೆಲ್ಲದ ಮಾರುಕಟ್ಟೆಗೆ ಬರುವ ಪಿಕಪ್ ಚಾಲಕರ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಕಾಮನ್ ರೈಲ್ ಎಂಜಿನ್ನಿನ (ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಕೊಳವೆಯಿಂದ ಹೆಚ್ಚು ಒತ್ತಡದ ಡೀಸೆಲ್ ಒದಗಿಸುವ ಎಂಜಿನ್) ಪಂಪ್ 1,000 ಬಾರ್‌ಗೂ ಮೀರಿದ ಒತ್ತಡದಲ್ಲಿ ದುಡಿಯಬೇಕಾಗುತ್ತದೆ. ಅದರ ಒಳಭಾಗಗಳ ಸವೆತವನ್ನು ತಡೆಯುವುದು ಡೀಸೆಲ್‌ನ ಜಿಡ್ಡೇ. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಡಿಮೆಯಿರುವುದರಿಂದ ಲೋಹಕ್ಕೆ ಲೋಹ ಉಜ್ಜಿ, ಉದುರಿದ ಪುಡಿಯು ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳವರೆಗೂ ಸಾಗಿ, ಪಂಪಿನ ತೊಂದರೆಯು ಇಡೀ ಇಂಧನ ವ್ಯವಸ್ಥೆಯ ದುರಸ್ತಿಯಾಗಿ ಬೆಳೆಯಬಹುದು. ಗಾಡಿಯ ಬಾಡಿಗೆಯನ್ನೇ ನಂಬಿದ ಮನೆಗೆ ಅದು ಸಣ್ಣ ಪೆಟ್ಟಲ್ಲ. ಏರಿನಲ್ಲಿ ಎಳೆತ ಕುಗ್ಗಿದರೆ ಅಥವಾ ಬೆಳಿಗ್ಗೆ ಸ್ಟಾರ್ಟ್ ಆಗಲು ತಡವಾದರೆ, ಪಂಪನ್ನು ದೂರುವ ಮೊದಲು ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆಯೇ, ಅದರ ತಳದಲ್ಲಿ ನೀರು ನಿಂತಿದೆಯೇ, ಪೈಪಿನೊಳಗೆ ಗಾಳಿ ಸೇರಿದೆಯೇ ಎಂಬುದನ್ನು ಮೆಕ್ಯಾನಿಕ್‌ ಬಳಿ ಪರೀಕ್ಷಿಸಿಕೊಳ್ಳಬೇಕು.