ಎಂಡಿ ಓದಿದ ಹೆಬ್ಬೆಟ್ಟುಗಳಿಗೆ ಕಿವಿಮಾತು

ಐದೂವರೆ ವರ್ಷ ಎಂಬಿಬಿಎಸ್, ಅದರ ಮೇಲೆ ಮೂರು ವರ್ಷ ಎಂಡಿ ಮುಗಿಸಿ, ವೈದ್ಯಕೀಯ ಕಾಲೇಜುಗಳಲ್ಲಿ ಅಧ್ಯಾಪಕರ ನೌಕರಿ ಕೊಡಿಸುವ ಏಜೆಂಟರ ಮೊರೆ ಹೋಗಲು ಹೊರಟಿರುವ ಕಿರಿಯ ವೈದ್ಯಮಿತ್ರರು ಮೊಟ್ಟಮೊದಲು ಮರೆಯಬೇಕಾದದ್ದು ತಾವು ವೈದ್ಯರೆಂಬುದನ್ನೇ. ಈ ಪೇಟೆಯಲ್ಲಿ ಬೆಲೆಯಿರುವುದು ನಿಮ್ಮ ಕೈಗುಣಕ್ಕಲ್ಲ, ಹಾಜರಿ ಒತ್ತುವ ಹೆಬ್ಬೆರಳಿಗೆ. ಅಜ್ಜಂದಿರ ಕಾಲದಲ್ಲಿ ಅಕ್ಷರ ಬಾರದವರನ್ನು ಹೆಬ್ಬೆಟ್ಟು ಎನ್ನುತ್ತಿದ್ದರು. ಎಂಟೂವರೆ ವರ್ಷ ಅಕ್ಷರವನ್ನೇ ಅರೆದು ಕುಡಿದವರೂ ಆ ಪಟ್ಟಕ್ಕೆ ಏರಬಹುದೆಂದು ತೋರಿಸಿಕೊಟ್ಟ ಕೀರ್ತಿ ನಮ್ಮ ಕಾಲದ ಖಾಸಗಿ ವೈದ್ಯಕೀಯ ಕಾಲೇಜುಗಳದ್ದು.

ಏಜೆಂಟರ ವಾಟ್ಸ್‌ಆ್ಯಪ್ ಸಂದೇಶಗಳನ್ನು ಓದುವ ಕ್ರಮ ತಿಳಿದಿರಬೇಕು. ಅಲ್ಲಿ ನೌಕರಿಗಳು ಎರಡೇ ಬಗೆ. 'ರೆಗ್ಯುಲರ್' ಎಂದರೆ ದಿನವೂ ಹೋಗಬೇಕಾದದ್ದು. 'ಆನ್ ಪೇಪರ್' ಎಂದರೆ ನೀವು ಕಾಗದದಲ್ಲಿದ್ದರೆ ಸಾಕು. ದೇಹವು ತನ್ನ ಊರಿನಲ್ಲಿ ತನ್ನ ಕ್ಲಿನಿಕ್ ನಡೆಸಿಕೊಂಡು, ಕಾಲೇಜಿನ ಮಾನ್ಯತೆಗಾಗಿ ಅಧ್ಯಾಪಕರ ತಲೆ ಎಣಿಸುವ ಇನ್‌ಸ್ಪೆಕ್ಷನ್ ಬಂದಾಗ ಮಾತ್ರ ಉತ್ಸವಮೂರ್ತಿಯಂತೆ ಹೊರಟು, ಮಂಗಳಾರತಿ ಮುಗಿದೊಡನೆ ಗರ್ಭಗುಡಿಗೆ ಹಿಂದಿರುಗತಕ್ಕದ್ದು. ಶರೀರ ನಶ್ವರ, ಆತ್ಮ ಶಾಶ್ವತ ಎಂದು ನಮ್ಮ ಹಿರಿಯರು ಹೇಳಿದ್ದು ಹಳೆಯ ಮಾತಾಯಿತು. ಶರೀರವೂ ಬೇಡ, ಆತ್ಮವೂ ಬೇಡ, ಈ ಕಾಲೇಜಿನಲ್ಲೇ ಕೆಲಸ ಮಾಡುತ್ತಿದ್ದೇನೆಂದು ಘೋಷಿಸುವ ಡಿಕ್ಲರೇಶನ್ ಫಾರಂ ಒಂದಿದ್ದರೆ ಸಾಕೆಂಬುದು ಕಾಲೇಜುಗಳು ಕಂಡುಕೊಂಡ ಅದ್ವೈತ. ಆ ಫಾರಂನಲ್ಲಿ ಸುಳ್ಳು ಬರೆದು ಸಹಿ ಹಾಕುವುದು ವೃತ್ತಿದುರ್ನಡತೆ, ವೈದ್ಯಕೀಯ ಪರಿಷತ್ತಿನ ನೋಂದಣಿಗೇ ಸಂಚಕಾರ ತರುವಂಥದ್ದು ಎಂಬ ಸಣ್ಣ ವಿಷಯವನ್ನು ಏಜೆಂಟರು ಸಾಮಾನ್ಯವಾಗಿ ಹೇಳುವುದಿಲ್ಲ. ಅವರನ್ನು ದೂರಬೇಡಿ, ಸಹಿ ಅವರದ್ದಲ್ಲವಲ್ಲ.

ಈ ವ್ಯಾಪಾರ ಹುಟ್ಟಿದ್ದಾದರೂ ಹೇಗೆ ಎಂದು ಕೇಳುವವರಿಗೆ ಲೆಕ್ಕ ಸರಳವಾಗಿದೆ. 2014ಕ್ಕೆ ಮುಂಚೆ ದೇಶದಲ್ಲಿ 387 ವೈದ್ಯಕೀಯ ಕಾಲೇಜುಗಳಿದ್ದವು. ಸುಮಾರು ಹತ್ತು ವರ್ಷಗಳಲ್ಲಿ ಅವು 780 ಆದವು. ಕಟ್ಟಡವನ್ನು ಎರಡು ವರ್ಷದಲ್ಲಿ ಎಬ್ಬಿಸಬಹುದು, ಗ್ರಾನೈಟನ್ನು ಒಂದೇ ತಿಂಗಳಲ್ಲಿ ಹಾಸಬಹುದು. ಆದರೆ ಅಸಿಸ್ಟೆಂಟ್ ಪ್ರೊಫೆಸರೊಬ್ಬರು ನಾಲ್ಕು ವರ್ಷ ಪಾಠ ಹೇಳಿ ಅಸೋಸಿಯೇಟ್ ಆಗಿ, ಮತ್ತೆ ಮೂರು ವರ್ಷ ಕಳೆದ ಮೇಲಷ್ಟೇ ಪ್ರೊಫೆಸರ್ ಆಗಬೇಕೆಂದು ನಿಯಮ ಹೇಳಿದರೆ ಪಾಪ, ಟ್ರಸ್ಟಿನ ಅಧ್ಯಕ್ಷರು ಬ್ಯಾಂಕಿನ ಬಡ್ಡಿಗೆ ಏನು ಉತ್ತರ ಕೊಡಬೇಕು? ಅದರಲ್ಲೂ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗಳಂಥ ವಿಷಯಗಳ ಎಂಡಿ ಸೀಟುಗಳನ್ನು ಕೇಳುವವರೇ ಇಲ್ಲದೆ ಎಷ್ಟೋ ಖಾಲಿ ಉಳಿಯುತ್ತವೆ. ಹಾಗಾಗಿ ಕಾಲೇಜಿನಲ್ಲಿದ್ದಾಗ ಗೆಳೆಯರಿಂದ ಹೆಣದ ಡಾಕ್ಟರೆಂದು ಗೇಲಿ ಮಾಡಿಸಿಕೊಂಡ ಅನಾಟಮಿಯವರೇ, ತಲೆ ಎತ್ತಿ ನಡೆಯಿರಿ. ಏಜೆಂಟರು ಹಬ್ಬಕ್ಕೆ ಮೊದಲು ಶುಭಾಶಯ ಕಳುಹಿಸುವುದು ನಿಮಗೇ.

ಏಜೆಂಟರನ್ನು ಮದುವೆ ದಲ್ಲಾಳಿಗೆ ಹೋಲಿಸುವುದುಂಟು. ಹೋಲಿಕೆ ಅಷ್ಟು ಸರಿಯಲ್ಲ. ಮದುವೆಯಾದ ಮೇಲೆ ಗಂಡು ಹೆಣ್ಣು ಒಂದೇ ಮನೆಯಲ್ಲಿರಬೇಕೆಂಬ ನಿರೀಕ್ಷೆಯಾದರೂ ದಲ್ಲಾಳಿಗಿರುತ್ತದೆ. ಇಲ್ಲಿ ಹೆಣ್ಣು ನೋಡುವ ಶಾಸ್ತ್ರವೇ, ಅಂದರೆ ಇನ್‌ಸ್ಪೆಕ್ಷನ್ನೇ, ಸಂಸಾರ. ಶಾಸ್ತ್ರದ ದಿನ ಹಾಸಿಗೆಗಳಿಗೆ ಹೊಸ ಚಾದರ, ಗೋಡೆಗೆ ಸುಣ್ಣ, ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಕರೆತಂದ ಆರೋಗ್ಯವಂತ ರೋಗಿಗಳು, ಅವರಿಗೆ ಊಟ ಮತ್ತು ದಿನಗೂಲಿ. ರೋಗವಿಲ್ಲದ ರೋಗಿಯನ್ನು ಪಾಠ ಮಾಡದ ಮೇಷ್ಟ್ರು ಪರೀಕ್ಷಿಸುವುದನ್ನು ನೋಡಿಯೂ ನೋಡದ ತಪಾಸಕರು ಬರೆದುಕೊಳ್ಳುವ ಆ ದೃಶ್ಯಕ್ಕೆ ನಮ್ಮ ಕಂಪನಿ ನಾಟಕಗಳ ಪರದೆಗಳೂ ನಾಚಬೇಕು.

ಸರ್ಕಾರ ಕೈಕಟ್ಟಿ ಕುಳಿತಿದೆಯೆಂದು ಹೇಳಿದರೆ ಅನ್ಯಾಯವಾದೀತು. ಕಾಲೇಜುಗಳ ಮೇಲೆ ನಿಗಾ ಇಡಬೇಕಿದ್ದ ಹಳೆಯ ಭಾರತೀಯ ವೈದ್ಯಕೀಯ ಮಂಡಳಿಯ ಅಧ್ಯಕ್ಷರನ್ನೇ 2010ರಲ್ಲಿ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿದ ಮೇಲೆ, ಹತ್ತು ವರ್ಷ ಯೋಚಿಸಿ, 2020ರಲ್ಲಿ ಅದರ ಬದಲು ರಾಷ್ಟ್ರೀಯ ವೈದ್ಯಕೀಯ ಆಯೋಗವನ್ನು ತರಲಾಯಿತು. ಆಯೋಗವು ಆಧಾರ್ ಜೋಡಿಸಿದ ಬೆರಳಚ್ಚಿನ ಹಾಜರಿಯನ್ನು ತಂದಿತು. 2022-23ರಲ್ಲಿ 246 ಕಾಲೇಜುಗಳನ್ನು ಅಳೆದು ನೋಡಿದಾಗ ಅಧ್ಯಾಪಕರ ಹಾಜರಿಯು ಕನಿಷ್ಠ ಶೇ. 50ನ್ನು ಮುಟ್ಟಿದ ಕಾಲೇಜು ಒಂದೂ ಇಲ್ಲವೆಂದೂ, ಬಹುಪಾಲು ಕಡೆ ಕಾಗದದ ಮೇಲಷ್ಟೇ ಇರುವ ಭೂತ ಅಧ್ಯಾಪಕರಿದ್ದಾರೆ, ಇಲ್ಲವೇ ಬೇಕಾದ ಅಧ್ಯಾಪಕರನ್ನು ನೇಮಿಸಿಯೇ ಇಲ್ಲವೆಂದೂ ಅದೇ ಹೇಳಿತು. ತುರ್ತು ಚಿಕಿತ್ಸಾ ವಿಭಾಗದ ಡ್ಯೂಟಿಯಂತೂ ವಿದ್ಯಾರ್ಥಿಗಳಿಗೆ ವಿರಾಮದ ಅವಧಿಯಂತಾಗಿದೆ ಎಂಬುದೂ ಆಯೋಗದ್ದೇ ಮಾತು.

ಬೆರಳು ತೋರಿಸಿದರೆ ಹಸ್ತ ನುಂಗುವವರ ಗಾದೆ ನಮ್ಮಲ್ಲಿದೆ. ಕಾಲೇಜುಗಳು ಹಸ್ತಕ್ಕೆ ಆಸೆಪಡಲಿಲ್ಲ, ಬೆರಳನ್ನೇ ತಯಾರಿಸಿಕೊಂಡವು. 2025ರ ಜುಲೈ ಆರಂಭದಲ್ಲಿ ಸಿಬಿಐ ಬಯಲಿಗೆಳೆದ ಪ್ರಕರಣದ ಎಫ್‌ಐಆರ್ ಪ್ರಕಾರ, ಗೈರುಹಾಜರಾದ ವೈದ್ಯರ ಹಾಜರಿ ಹಾಕಲು ಕೃತಕ ಬೆರಳಚ್ಚುಗಳು ಬಳಕೆಯಾಗಿದ್ದವು. ಛತ್ತೀಸಗಢದ ಕಾಲೇಜೊಂದಕ್ಕೆ ಅನುಕೂಲವಾದ ತಪಾಸಣಾ ವರದಿ ಕೊಡಲು 55 ಲಕ್ಷ ರೂಪಾಯಿ ಲಂಚವೆಂಬ ಆರೋಪದಲ್ಲಿ ಮೂವರು ವೈದ್ಯರೂ ಸೇರಿ ಆರು ಮಂದಿ ಬಂಧಿತರಾದರು. ಹಣ ಕೈಬದಲಾದದ್ದು ನಮ್ಮ ಬೆಂಗಳೂರಿನಲ್ಲಂತೆ. ಕನ್ನಡಿಗರ ಆತಿಥ್ಯಕ್ಕೆ ಇನ್ನೇನು ಸಾಕ್ಷಿ ಬೇಕು?

ಅದೇ ವರ್ಷದ ಮೇ 1ರಿಂದ ಬೆರಳಿನ ಬದಲು ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿ, ಜಿಪಿಎಸ್ ಸಾಕ್ಷಿಯಾಗಿ, ಹಾಜರಿ ಹಾಕಬೇಕೆಂಬ ನಿಯಮ ಬಂದಿದೆ. ಇದರಿಂದ ಉದ್ಯೋಗಾಕಾಂಕ್ಷಿಗಳು ಎದೆಗುಂದಬೇಕಾಗಿಲ್ಲ. ನಮ್ಮ ಭಾಷೆಯಲ್ಲಿ 'ಸುಮ್ಮನೆ ಮುಖ ತೋರಿಸಿ ಬಂದೆ' ಎಂಬ ಮಾತಿಗೆ ಯಾವ ಅರ್ಥವಿದೆಯೋ ಅದನ್ನೇ ನಿಯಮವಾಗಿ ಮಾಡಿದರೆ, ಗೇಟಿನವರೆಗೆ ಕಾರು ಓಡಿಸಿ, ಗಾಜು ಇಳಿಸಿ, ಮುಖ ತೋರಿಸಿ, ಗಾಜು ಏರಿಸಿ ಹಿಂದಿರುಗುವುದಕ್ಕೆ ಯಾರು ಅಡ್ಡಿ? ಏಜೆಂಟರೊಡನೆ ಮಾತಾಡುವಾಗ ಪೆಟ್ರೋಲ್ ಭತ್ಯೆಯನ್ನು ಮೊದಲೇ ಗಟ್ಟಿಮಾಡಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾರ ಕೈಗೂ ಕೊಡಬೇಡಿ. ಕಾಲೇಜಿನ ಬೀರುವಿಗೆ ಒಮ್ಮೆ ಸೇರಿದ ಮೂಲಪ್ರತಿಯನ್ನು ಬಿಡಿಸಿಕೊಳ್ಳುವುದು ಗಿರವಿ ಅಂಗಡಿಯಿಂದ ಒಡವೆ ಬಿಡಿಸಿಕೊಳ್ಳುವುದಕ್ಕಿಂತ ಕಷ್ಟ. ಗಿರವಿಯವನು ರಸೀದಿಯನ್ನಾದರೂ ಕೊಡುತ್ತಾನೆ.

ನನ್ನ ಪರಿಚಯದ ಹುಡುಗಿಯೊಬ್ಬಳು ಎಂಡಿ ಮುಗಿಸಿ, ಪಾಠ ಹೇಳಬೇಕೆಂಬ ಹಳೆಯ ಕಾಲದ ಹುಚ್ಚಿನಿಂದ, ಇಂಥ ಏಜೆಂಟರೊಬ್ಬರಿಗೆ ಫೋನ್ ಮಾಡಿ ತನಗೆ ರೆಗ್ಯುಲರ್ ಕೆಲಸವೇ ಬೇಕೆಂದಳು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ದಿನಾ ಬರ್ತೀರಾ ಮೇಡಂ?" ಎಂದು ಕೇಳಿದ. ಹೌದೆಂದಳು. "ಬಂದು?" ಎಂದ. ಪಾಠ ಮಾಡುತ್ತೇನೆ, ಉಳಿದ ಹೊತ್ತು ವಿಭಾಗದಲ್ಲಿ ಕುಳಿತಿರುತ್ತೇನೆ ಎಂದಳು. ಆತನಿಗೆ ನಿಜಕ್ಕೂ ಕಳವಳವಾಯಿತು.

"ಮ್ಯಾನೇಜ್‌ಮೆಂಟಿಗೆ ಕೇಳಿ ಹೇಳ್ತೀನಿ ಮೇಡಂ," ಎಂದ. "ಅಲ್ಲಿ ಕುರ್ಚಿ ಇದೆಯೋ ಇಲ್ಲವೋ ಗೊತ್ತಿಲ್ಲ."